ಬೀಗದ ಕೈ ಗೂಟದಲ್ಲಿದೆ

ಮಿನಾರು ಎಲ್ಲಿಗೂ ಹೋಗುವುದಿಲ್ಲ, ತಂಗಿ.
ಒಂಬೈನೂರು ವರ್ಷ ನಿಂತದ್ದು
ನೀನು ಚಹಾ ಮುಗಿಸುವಷ್ಟು ಹೊತ್ತು ನಿಲ್ಲದೇ?
ಕೂತುಕೋ. ಬಟ್ಟಲು ಅರ್ಧವೂ ತುಂಬಿಲ್ಲವೆಂದು
ಮುಖ ಸಣ್ಣ ಮಾಡಬೇಡ:
ಬುಖಾರಾದಲ್ಲಿ ಕಡಿಮೆ ಸುರಿದರೆ
ಮತ್ತೆ ಮತ್ತೆ ಸುರಿಯುವ ಆಸೆಯಿದೆ ಎಂದರ್ಥ.
ಕಂಠಮಟ್ಟ ತುಂಬಿಸಿ ಕೊಟ್ಟರೆ
ಮೆಲ್ಲಗೆ ಚಪ್ಪಲಿ ಹುಡುಕಬೇಕು.

ಮೊದಲು ರೊಟ್ಟಿ.
ಹಸಿರು ಬಾಗಿಲಿನ ತಂದೂರು, ಶೋದಿಯೆವನದ್ದು.
ಅವನ ಹುಬ್ಬು ಸುಟ್ಟು ಸುಟ್ಟು
ಬೆಳೆಯುವುದನ್ನೇ ಬಿಟ್ಟಿದೆ.
ರೊಟ್ಟಿಯನ್ನು ಬೋರಲು ಇಟ್ಟೆಯೋ,
ಪರದೇಶಿ ಎಂದೂ ನೋಡದೆ ಬೈಯುತ್ತಾನೆ,
ಆಮೇಲೆ ಬಿಸಿಯದೊಂದು ಕೈಗಿಟ್ಟು
ಕಾಸು ಮುಟ್ಟುವುದಿಲ್ಲ.
ಬೇಕೆಂದೇ ಬೋರಲಿಟ್ಟು ನೋಡಬಹುದು.
ನಾನು ಹೇಳಿದೆ ಅನ್ನಬೇಡ.

ಹನ್ನೊಂದಕ್ಕೆ ನುಸ್ರತಿಲ್ಲೋನ ಅಂಗಡಿ. ಹನ್ನೆರಡಕ್ಕಲ್ಲ.
ತಾಮ್ರದ ಹಂಡೆ, ತಳದಲ್ಲಿ ಮಾಂಸ,
ಅದರ ಮೇಲೆ ಗಜ್ಜರಿ, ಅದರ ಮೇಲೆ ಅಕ್ಕಿ.
ಕಲಸುವುದಿಲ್ಲ. ಒಂದು ಮನೆಯ ಮೂವರು ಸೊಸೆಯರ ಹಾಗೆ
ಬೇರೆ ಬೇರೆ ಕೂತೇ ಒಂದೇ ಉರಿಯಲ್ಲಿ ಬೇಯುತ್ತವೆ.
ಒಂದು ಗಂಟೆಗೆ ಅಲ್ಲಿ ಉಳಿಯುವುದು
ಸಟ್ಟುಗ ತಳ ಕೆರೆಯುವ ಸದ್ದು,
ಆ ಸದ್ದಿನ ಫೋಟೋ ತೆಗೆಯುತ್ತ
ತಡವಾಗಿ ಬಂದ ಪ್ರವಾಸಿಗಳು.

ಹೌಜಿನ ದಂಡೆಯಲ್ಲಿ ಮಾತ್ರ ತಿನ್ನಬೇಡ, ನೆರಳಿಗೂ ಬಿಲ್ಲು ಹಾಕುತ್ತಾರೆ.
ಬರಿದೆ ಕೂತು ಹಿಪ್ಪುನೇರಳೆ ಮರ ನೋಡು.
ಆ ನೆತ್ತಿಯ ಮೇಲಿನ ಕೊಕ್ಕರೆ ಅಲ್ಲಾಡುವುದಿಲ್ಲ,
ತಗಡಿನದ್ದು.
ನಿಜವಾದವು ನನ್ನ ಅಜ್ಜಿಯ ಕಾಲಕ್ಕೆ.
ಆಗ ಓಣಿಗೊಂದು ಹೌಜು, ಹೌಜಿನ ತುಂಬ ಕಪ್ಪೆ,
ಅದೇ ನೀರು ಕುಡಿದವರ ಕಾಲಲ್ಲಿ ನಾರುಹುಣ್ಣು.
ಕ್ಷೌರಿಕ ಕಡ್ಡಿಗೆ ಸುತ್ತಿ ಸುತ್ತಿ
ದಿನಕ್ಕೆ ಗೇಣುದ್ದ ಎಳೆಯುತ್ತಿದ್ದನಂತೆ.
ಸರಕಾರ ಹೌಜು ಬತ್ತಿಸಿತು.
ಹುಳು ಹೋಯಿತು, ಕಪ್ಪೆ ಹೋಯಿತು.
ಕೊಕ್ಕರೆಗಳು ಒಂದು ವಸಂತ ಬಂದು
ಮೇಲೇ ಸುತ್ತು ಹಾಕಿ
ಇಳಿಯಲಿಲ್ಲ.
ಅಜ್ಜಿ ಮೊಣಕಾಲು ಸವರಿಕೊಂಡು ದೇವರಿಗೆ ಶುಕ್ರ ಹೇಳುತ್ತಿದ್ದಳು,
ಹೇಳುತ್ತಲೇ ಮೇಲೆ ನೋಡುತ್ತಿದ್ದಳು.

ಏನು ಹೇಳುತ್ತಿದ್ದೆ?
ಹಾಂ, ಸಾಮಾನಿಗಳ ಗೋರಿ. ಇಟ್ಟಿಗೆಯಲ್ಲಿ ಬುಟ್ಟಿ ಹೆಣೆದಿದ್ದಾರೆ.
ಬಿಸಿಲು ಓರೆಯಾದಾಗ ಹೋಗು,
ನೆತ್ತಿಯ ಮೇಲಿದ್ದಾಗ ಬರೀ ಗೋಡೆ.

ಮೂರು ಗಂಟೆಗೆ ಊರೇ ಮುಚ್ಚಿರುತ್ತದೆ.
ಆಗ ಈ ಬೀಗದ ಕೈ ತಗೋ.
ಎದುರು ಓಣಿ, ತುದಿಯ ಮನೆ,
ಯೊಹೆವೆತ್ ಬೊರುಖೋವಾ, ದರ್ಜಿ.
ಅವಳ ಪ್ರಾರ್ಥನೆ ಶನಿವಾರ, ನಮ್ಮದು ಶುಕ್ರವಾರ,
ಜಗಳಕ್ಕೆ ಮಾತ್ರ ಇಬ್ಬರಿಗೂ ಒಂದೇ ಭಾಷೆ, ಏಳೂ ದಿನ.
ತೊಂಬತ್ತಮೂರರಲ್ಲಿ ನ್ಯೂಯಾರ್ಕಿಗೆ ಹೊರಟಾಗ
ಮೂರು ತಿಂಗಳು ದಾಳಿಂಬೆಗೆ ನೀರು ಹಾಕು ಅಂದಳು.
ಹಾಕುತ್ತಿದ್ದೇನೆ.

ಹಣ್ಣು ಎರಡು ಕಿತ್ತುಕೋ, ಹುಳಿ, ಆದರೂ ತಿನ್ನು.
ಒಳಗೆ ಕಿಟಕಿಯ ಹತ್ತಿರ ಹೊಲಿಗೆ ಯಂತ್ರವಿದೆ,
ಚಕ್ರವನ್ನು ಒಂದೇ ಸುತ್ತು, ನಿನ್ನ ಕಡೆಗೆ ತಿರುಗಿಸು,
ಆಚೆಗಲ್ಲ, ನೂಲು ಸಿಕ್ಕಾಗುತ್ತದೆ.
ಸೂಜಿಯಡಿ ಒಂದು ತೋಳು ಕಾಣುತ್ತದೆ, ನೇರಳೆ ಮಖಮಲ್ಲು,
ನನ್ನದೇ ಜಾಕೀಟಿನದು.
ಮುಟ್ಟಬೇಡ.
ಈಗ ಆ ತೋಳಿನಲ್ಲಿ ನನ್ನ ಮಣಿಕಟ್ಟೂ ಹಿಡಿಯುವುದಿಲ್ಲ,
ಅದು ಬೇರೆ ಮಾತು.

ನೀವೇ ಹೋಗಿ ಅನ್ನುತ್ತೀಯಾ?
ಹೋದರೆ ಕೂತುಬಿಡುತ್ತೇನೆ.
ರಾತ್ರಿ ನಿಮಗೆಲ್ಲ ಅಡಿಗೆ ಮಾಡುವವರು ಯಾರು?

ಬರುವಾಗ ಶೋದಿಯೆವನಲ್ಲಿ ಇನ್ನೊಂದು ರೊಟ್ಟಿ ತಾ,
ಈ ಸಲ ಕಾಸು ಕೊಟ್ಟು.

ಮಿನಾರೇ?
ದಾರಿಯಲ್ಲೇ ಇದೆ ಕಣೇ.
ಬೇಡವೆಂದರೂ ಕಾಣುತ್ತದೆ.