ಒಂದು ಸೊನ್ನೆ

ಗಾಂಧಿ ಬಜಾರಿನ ಚಿನ್ನದ ತಕ್ಕಡಿ,
ಸಾಗರ ರಸ್ತೆಯ ಬಂಕಿನ ಐದು ಲೀಟರು,
ಮೀನು ಮಾರ್ಕೆಟ್ಟಿನಲ್ಲಿ ತಟ್ಟೆಯಡಿ ಅಂಟಿಸಿದ ಅಯಸ್ಕಾಂತ,
ಎಲ್ಲ ಹಿಡಿದು, ದಂಡ ಬರೆದು, ಸೀಲು ಒತ್ತಿ
ಸಂಜೆ ಆರಕ್ಕೆ ವಿನೋಬನಗರಕ್ಕೆ ಮರಳುವ ನಾನು
ಆರು ವರ್ಷ ನನ್ನ ಅಡುಗೆಮನೆಯಲ್ಲೇ
ಒಂದು ಸುಳ್ಳು ಮುಳ್ಳನ್ನು ಸಾಕಿಕೊಂಡಿದ್ದೆ.

ಹಳೆ ಮೆಷಿನ್ನಿನ ಒತ್ತಡದ ಮುಳ್ಳು
ಸ್ವಿಚ್ಚು ಹಾಕುವ ಮೊದಲೇ ಎರಡು ತೋರಿಸುತ್ತಿತ್ತು.
ಅಂಗಡಿಯವನದ್ದಾಗಿದ್ದರೆ ಅಲ್ಲೇ ಜಪ್ತಿ.
ನಮ್ಮನೆಯದ್ದಲ್ಲವೇ,
ಎರಡು ಕಳೆದು ಓದಿಕೊಳ್ಳುತ್ತಿದ್ದೆ,
ಗಂಡನ ‘ಐದೇ ನಿಮಿಷ’ವನ್ನು
ಮೂರರಿಂದ ಗುಣಿಸಿಕೊಳ್ಳುವ ಹಾಗೆ.

ಹದಿನೆಂಟು ಗ್ರಾಂ ಪುಡಿಗೆ ಮೂವತ್ತಾರು ಗ್ರಾಂ ಡಿಕಾಕ್ಷನ್ನು
(ಎಸ್ಪ್ರೆಸೊ ಅಂದರೆ ಅತ್ತೆ ಒಪ್ಪುವುದಿಲ್ಲ),
ಇಪ್ಪತ್ತೆಂಟು ಸೆಕೆಂಡು.
ಹದಿನೈದಕ್ಕೇ ಸುರಿದು ಮುಗಿದರೆ ಹುಣಸೆ,
ನಲವತ್ತರ ತನಕ ಎಳೆದರೆ ಹಾಗಲ.
ನಡುವೆ ಎಲ್ಲೋ ಕೂದಲೆಳೆಯ ಜಾಗದಲ್ಲಿ
ಕೊಪ್ಪದ ಬೀಜ ಬಾಯಿ ಬಿಟ್ಟು ಮಾತಾಡುತ್ತದೆ:
ಕಿತ್ತಳೆ ಸಿಪ್ಪೆ, ಜೋನಿ ಬೆಲ್ಲ,
ಆಮೇಲೆ ಹೆಸರು ನೆನಪಾಗದ್ದೊಂದೇನೋ.
ಹಳೆಯದರಲ್ಲಿ ವಾರಕ್ಕೊಮ್ಮೆ ಮಾತಾಡಿದರೆ ಹೆಚ್ಚು.
ಉಳಿದ ದಿನ ಬರೀ ಗೊಣಗಾಟ.

ಶ್ರಾವಣದಲ್ಲಿ ತುಟ್ಟಿಭತ್ಯೆಯ ಬಾಕಿ ಬಂತು.
ಒಂದು ಲಕ್ಷ ಇಪ್ಪತ್ತೆಂಟು ಸಾವಿರ, ಬಂದಷ್ಟೇ ವೇಗದಲ್ಲಿ ಹೋಯಿತು.
ಗ್ರೈಂಡರು ಇದರಲ್ಲಿ ಸೇರಿಲ್ಲ.
ಅದು ಕಳೆದ ವರ್ಷವೇ, ಚೀಟಿ ದುಡ್ಡಲ್ಲಿ,
ಮಿಕ್ಸಿ ಎಂಬ ವೇಷದಲ್ಲಿ ಒಳಗೆ ಬಂದಾಗಿದೆ.
ಮುಬಾರಕ್ ಹದಿನೈದು ಆಂಪಿಯರಿನ ಪ್ಲಗ್ಗು ಕೂರಿಸುತ್ತಾ
‘ಅಡುಗೆಮನೇಲಿ ಗೀಸರಾ ಮೇಡಂ?’ ಎಂದ.
ಹೂಂ ಎಂದೆ.
ಅತ್ತೆ ಬೆಲೆ ಕೇಳಿದರು.
‘ಹನ್ನೆರಡು ಸಾವಿರದ ಎಂಟುನೂರು.’
ಒಂದು ಸೊನ್ನೆ ಅಷ್ಟೇ.
ಸೊನ್ನೆಗೆಲ್ಲಿದೆ ತೂಕ.

ಎರಡು ಬಾಯ್ಲರು, ತೊಂಬತ್ಮೂರು ಡಿಗ್ರಿ,
ಅಂಕಿ ಅಲ್ಲಾಡುವುದಿಲ್ಲ, ಕಲ್ಲಿಗೆ ಕೊರೆದ ಹಾಗೆ.
ಆದರೂ ಮೊದಲ ವಾರವೆಲ್ಲ ಕಾಫಿ ಸೀಮೆಸುಣ್ಣ ನೆಕ್ಕಿದ ಹಾಗೆ.
ಹಲ್ಲು ಕಚ್ಚಿ ಅರೆತ ಬದಲಿಸಿದೆ, ಬೀಜ ಬದಲಿಸಿದೆ,
ರಾತ್ರಿ ಹನ್ನೊಂದಕ್ಕೆ ಆರನೆಯ ಲೋಟ ಸಿಂಕಿಗೆ ಚೆಲ್ಲುವಾಗ
ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು:
‘ಯಾವ ನೀರು ಹಾಕ್ತಿದ್ದೀ?’
ಬೋರಿನದ್ದು.
‘ಗಂಗಾ ಸ್ನಾನ, ತುಂಗಾ ಪಾನ ಅಂತ
ಹಿರಿಯರು ಹೊತ್ತು ಹೋಗದೆ ಅಂದಿದ್ದೇನೇ?’
ದಿನ ಬಿಟ್ಟು ದಿನ ಬರುವ ನಲ್ಲಿ ನೀರಿನಲ್ಲಿ
ಒಂದು ಕೊಡ ಅಂದಿನಿಂದ ಮೆಷಿನ್ನಿನದು.

ಹಳೆಯದನ್ನು ವಿಲ್ಮಾ ಕೊಂಡಳು, ಮೆಗ್ಗಾನಿನ ನರ್ಸು,
ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದಳು, ಕಣ್ಣು ಕೆಂಪು.
ರಬ್ಬರಿನ ಬಳೆ ಸವೆದಿದೆ ಎಂದೆ,
ಹಬೆಯ ನಳಿಗೆ ಎಡಕ್ಕೆ ಉಗುಳುತ್ತದೆ ಎಂದೆ,
ಮುಳ್ಳಿನ ವಿಷಯವನ್ನೂ ಹೇಳಿದೆ, ಎರಡು ಕಳೆಯಬೇಕು.
‘ನಮ್ಮ ವಾರ್ಡಿನ ಬಿಪಿ ಮೆಷಿನ್ನೂ ಹಾಗೇ, ಬಿಡಿ’
ಎಂದು ನಕ್ಕು, ಸ್ಕೂಟಿಯ ಕಾಲ ಬಳಿ
ಮಗುವಿನ ಹಾಗೆ ನಿಲ್ಲಿಸಿಕೊಂಡು ಹೋದಳು.
ಮೇಜಿನ ಮೇಲೆ ಅದರ ನಾಲ್ಕು ಕಾಲಿನ ಗುರುತು.
ಒರೆಸಿದರೂ ಹೋಗಿಲ್ಲ.

ನಿನ್ನೆ ಹಪ್ಪಳಕ್ಕೆಂದು ಅಟ್ಟಕ್ಕೆ ಕೈ ಹಾಕಿದೆ.
ಸಿಕ್ಕಿದ್ದು ಹೊಸ ಮೆಷಿನ್ನಿನ ರಟ್ಟಿನ ಪೆಟ್ಟಿಗೆ.
ಒಳಗೆ ಹಳೆ ಪಂಚೆಯಲ್ಲಿ ಸುತ್ತಿ
ಅತ್ತೆಯ ಹಲಸಿನ ಹಪ್ಪಳ, ಬಾಳಕದ ಮೆಣಸು.
ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ ಇರಲೇಬೇಕು,
ಅಂಕಿ ಇಷ್ಟೇ ಎತ್ತರ ಇರಬೇಕು,
ಈ ನಿಯಮದಡಿ ಎಷ್ಟು ಅಂಗಡಿಗೆ ನೋಟೀಸು ಅಂಟಿಸಿದ್ದೇನೋ ನಾನು.
ಇತ್ತು.
ಎಲ್ಲ ಸೊನ್ನೆಗಳೂ ಇದ್ದವು.
ಆ ಬದಿಯನ್ನು ಮಾತ್ರ ಯಾರೋ
ಗೋಡೆಗೆ ತಿರುಗಿಸಿ ಇಟ್ಟಿದ್ದರು.

ಬೆಳಗ್ಗೆ ಬಿಸಿ ಹಾಲು ಬೆರೆಸಿ ಕೊಟ್ಟೆ.
ಅತ್ತೆ ಒಂದು ಗುಟುಕು ಕುಡಿದು, ಕಿಟಕಿಯಾಚೆ ನೋಡುತ್ತಾ,
‘ಹನ್ನೆರಡು ಸಾವಿರಕ್ಕೆ ಪರವಾಗಿಲ್ಲ’ ಎಂದರು.
ಇನ್ನರ್ಧ ಲೋಟ ಕೇಳಿದರು.
ಮತ್ತೆ ಪುಡಿ ಒತ್ತಿ ಗುಂಡಿ ಅದುಮಿದೆ.
ಪುಟ್ಟ ತಕ್ಕಡಿ ಮೂವತ್ತಾರು ತೋರಿಸಿತು, ಮೂವತ್ತೇಳು.
ನಿಲ್ಲಿಸಲಿಲ್ಲ.