ಎರಡು ಇಂಚು

ಚಾಪೆ ಎತ್ತಿದ ಸೆಲ್ವಿನ್. ನೆಲವೇ ಇಲ್ಲ.
ಕುಣಿಯಲಾರದವಳು ನೆಲ ಡೊಂಕೆಂದಳಂತೆ,
ನನಗೀಗ ಆ ನೆಪವೂ ಉಳಿಯಲಿಲ್ಲ.
ತೂತಿನಾಚೆ ಗ್ಯಾರೇಜಿನ ಸಿಮೆಂಟು,
ಸಿಮೆಂಟಿನ ಮೇಲೊಂದು ಎಣ್ಣೆಯ ಹನಿ,
ಹನಿಯೊಳಗೆ ಅಲುಗುವ ಟ್ಯೂಬ್‌ಲೈಟು.

ಮಾರಿಸ್ ಮೈನರ್ ಟ್ರಾವೆಲರ್, ಅರವತ್ತೆಂಟರದು.
ಹಿಂಭಾಗಕ್ಕೆಲ್ಲ ಆ್ಯಶ್ ಮರದ ಚೌಕಟ್ಟು.
ಕಿಟಕಿಯ ಸಂದಿಯಲ್ಲಿ ಪಾಚಿ ಕಟ್ಟಿ
ಹೋದ ನವೆಂಬರಿನಲ್ಲಿ ಎರಡು ಅಣಬೆ ಎದ್ದವು.
ಸಾರಿಗೆ ಸಾಲದು, ಎಂದೆ. ಸೆಲ್ವಿನ್ ನಗಲಿಲ್ಲ.
ಸ್ಕ್ರೂಡ್ರೈವರ್ ಊರಿ ಮರಕ್ಕೆ ಚುಚ್ಚಿದ:
ಇಡ್ಲಿ ಬೆಂದಿದೆಯೇ ಎಂದು ನೋಡುವ ಹಾಗೆ.
ಬೆಂದಿತ್ತು.

"ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ
ಹಾಗೇ ಮಾಡಿಕೊಡುತ್ತೇನೆ, ಸಿಸ್ಟರ್.
ಅದೇ ಹಸಿರು, ಅದೇ ಹೊಲಿಗೆ, ಅದೇ ಗುಂಡಿ."
ಪಾನಾ ಒರೆಸುತ್ತ ಅನೀಸಾ: "ಬೇಡ ಆಂಟಿ,
ಎಂಜಿನ್ ಕಿತ್ತು ಬ್ಯಾಟರಿ ಹಾಕೋಣ,
ಸದ್ದೇ ಇಲ್ಲದೆ ಗುಡ್ಡ ಹತ್ತುತ್ತದೆ."

ಸದ್ದಿಲ್ಲದೆ ಬರುವ ಸೂಲಗಿತ್ತಿ
ಯಾರಿಗೆ ಬೇಕಮ್ಮ?
ಬರೆಯಲೊಂದು ಬಗೆ, ಕರೆಯಲು ಸ್ಲಾವಿಟ್ ಎನ್ನುವ
ಆ ಊರಿನ ಇಳಿಜಾರಲ್ಲಿ ಕಾಲು ತೆಗೆದರೆ
ಹೊಗೆಕೊಳವೆ ಬುರ್ರ್ ಎಂದು ನಾಚಿಕೆಗೆಟ್ಟು ಕೂಗುತ್ತಿತ್ತು.
ಕೇಳಿದ್ದೇ ತಡ, ಗಂಡಸರು ಕೆಟಲ್ ಇಡುತ್ತಿದ್ದರು.
ಮಂಚದ ಮೇಲಿನವಳು, ಬಂದಳು ಎಂದು
ಹಿಡಿದ ಉಸಿರನ್ನು ಬಿಡುತ್ತಿದ್ದಳು.

ಎಪ್ಪತ್ತೊಂಬತ್ತರ ಹಿಮದಲ್ಲಿ, ಬಯಲ ನಡುವೆ,
ಬ್ರೆಂಡಾ ಹೇಗ್ ಹಿಂದಿನ ಸೀಟಿನಲ್ಲೇ ಹೆತ್ತಳು.
ಎಡಗಡೆಯ ಕಂಬ ಹಿಡಿದಿದ್ದಳು; ಉಗುರಿನ ನಾಲ್ಕು ಗೀರು
ವಾರ್ನಿಶಿನ ಕೆಳಗೆ ಬಹಳ ವರ್ಷ ಇದ್ದವು.
ನಿನ್ನೆ ಬೆರಳಾಡಿಸಿ ಹುಡುಕಿದೆ.
ಅಲ್ಲೂ ಇಡ್ಲಿಯೇ.

ಹಾಗಿದ್ದರೆ ಏನನ್ನು ಉಳಿಸುವುದು, ಹೇಳಿ?
ಬೆಟಗೇರಿ ಬಿಡುವಾಗ ಅವ್ವ ಕೊಟ್ಟ ಕೌದಿಯಲ್ಲಿ
ಮೊದಲ ಬಟ್ಟೆ ಯಾವುದೆಂದು
ಅವ್ವನಿಗೂ ಗೊತ್ತಿರಲಿಲ್ಲ.
ಹರಿದಲ್ಲಿ ತೇಪೆ, ತೇಪೆ ಹರಿದಲ್ಲಿ ಇನ್ನೊಂದು,
ಹೊದ್ದವರಿಗೆ ಬೆಚ್ಚಗಿತ್ತು, ಅಷ್ಟೇ.
ಈ ಕಾರಿಗೂ ಮೂರು ಸಲ ಬಣ್ಣ ಬಳಿಸಿದ್ದೇನೆ,
ಮೂರೂ ಬೇರೆ ಹಸಿರು.

ಅಷ್ಟರಲ್ಲಿ ಅನೀಸಾ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ,
"ಪೆಡಲಿನ ಮೇಲೆ ಇದೇನು ಮರದ ತುಂಡು?
ಪಟ್ಟಿಯಲ್ಲಿಲ್ಲ. ಕಿತ್ತುಬಿಡಲೇ?"

ಮೂರು ತುಂಡು. ದಪ್ಪ ಎರಡು ಇಂಚು.
ನಾನು ನಾಲ್ಕು ಅಡಿ ಹತ್ತು; ಕೊಂಡ ದಿನ
ಬ್ರೇಕಿಗೆ ಕಾಲು ಎಟುಕಿದರೆ ರಸ್ತೆಗೆ ಕಣ್ಣು ಎಟುಕದು.
ಗಿರಣಿಯವರಿಗೆ ಮರದ ಮೆಟ್ಟು ಮಾಡುತ್ತಿದ್ದ ಎನಕ್ ಸೈಕ್ಸ್
ನನ್ನ ಪಾದ ಅಳೆದು, ಬಾಯಲ್ಲಿ ಮೊಳೆ ಕಚ್ಚಿಕೊಂಡೇ
ಮೂರು ಅಟ್ಟೆ ಕೊಯ್ದು ಬಿಗಿದುಕೊಟ್ಟ.
ದುಡ್ಡು ಬೇಡವೆಂದ. ಸೊಸೆಗೆ ದಿನ ತುಂಬಿತ್ತು.

ಕಾರ್ಖಾನೆಯಿಂದ ಹೊರಬಿದ್ದ ದಿನ
ಈ ಕಾರಿಗೆ ನನ್ನ ಗುರುತಿರಲಿಲ್ಲ.
ಆ ದಿನಕ್ಕೆ ಮರಳಿಸಿದರೆ, ಸೆಲ್ವಿನ್,
ಚೆಂದವಾಗಿಯೇ ಇರುತ್ತದೆ, ಸುಳ್ಳೇಕೆ,
ನಾನು ಮಾತ್ರ ಓಡಿಸಲಾರೆ.

ಬರೆದುಕೋ. ನೆಲ ಹೊಸದು. ಮರ ಹೊಸದು.
ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು; ಹಳೆಯವು
ಮಾರ್ಸ್‌ಡೆನ್ನಿನ ಇಳಿಜಾರಲ್ಲಿ ಎರಡು ಸಲ ಕೈಕೊಟ್ಟಿವೆ.
ಎಂಜಿನ್ ಅದೇ. ಬುರ್ರ್ ಕೂಡ.
ಬಣ್ಣ, ಅಂಗಡಿಯಲ್ಲಿ ಯಾವ ಹಸಿರು ಅಗ್ಗವೋ ಅದು.
ಅವನು ಕೇಳದೆಯೇ ಕೊನೆಯ ಸಾಲು ಬರೆದ:
ಪೆಡಲು, ಮುಟ್ಟಬಾರದು.
ಅನೀಸಾ ಮುಖ ಸಣ್ಣದು ಮಾಡಿಕೊಂಡು
ನನ್ನ ಬೂಟನ್ನೇ ನೋಡುತ್ತಿದ್ದಳು.

ಮನೆಗೆ ಬಸ್ಸು. ಕೈಚೀಲದಲ್ಲಿ ಒಂದು ಚೂರು ಕೊಳೆತ ಆ್ಯಶ್,
ಯಾಕೆ ತಂದೆನೋ ಗೊತ್ತಿಲ್ಲ.
ಸ್ಲಾವಿಟ್ಟಿನ ತಿರುವಿನಲ್ಲಿ ಬಸ್ಸು ಇಳಿಯತೊಡಗಿದಾಗ
ಸೀಟಿನಿಂದ ನೇತಾಡುತ್ತಿದ್ದ ನನ್ನ ಬಲಗಾಲು
ತಾನಾಗಿಯೇ ಚಾಚಿ
ಇಲ್ಲದ ಬ್ರೇಕನ್ನು ಒತ್ತಿತು.
ಎರಡು ಇಂಚು ಸಾಲಲಿಲ್ಲ.