ಕೂದಲೆಳೆ

ಎರಡು ಕಿಲೋ ಆರುನೂರು ಗ್ರಾಂ.
ಹಿಟ್ಟು ತೂಗುವ ತಟ್ಟೆ ತೆಗೆದಿಟ್ಟು
ಅಡುಗೆಮನೆಯ ತಕ್ಕಡಿಯ ಮೇಲೆ ರೈಫಲ್ಲನ್ನು ಅಡ್ಡ ಮಲಗಿಸಿ ನೋಡಿದ್ದೇನೆ.
ಅರವತ್ತೊಂದರ ಮಂಡಿಗೆ ಇದಕ್ಕಿಂತ ಭಾರ ಸಲ್ಲದು.
ಟ್ರೆಂಟಾ ಕಣಿವೆಯ ದಾರಿಗಳು ಹತ್ತುವಾಗ ಸುಮ್ಮನಿದ್ದು
ಇಳಿಯುವಾಗ ಲೆಕ್ಕ ಕೇಳುತ್ತವೆ.

ಯೆರ್ನೇಯ್ ತನ್ನ ಅಂಗಡಿಯ ಗಾಜಿನ ಕಪಾಟು ತೆರೆದ.
"ಇದು ನೋಡು, ಇಪ್ಪತ್ತನಾಲ್ಕು ಪಟ್ಟು.
ಆಚೆ ಬಂಡೆಯ ಮೇಲೆ ನಿಂತ ಗಾಮ್ಸ್ ಮೇಕೆಯ
ರೆಪ್ಪೆ ಎಣಿಸಬಹುದು."
ರೆಪ್ಪೆ ಎಣಿಸಿದ ಮೇಲೆ ಕುದುರೆ ಎಳೆಯುವವರು ಯಾರು, ಅಂದೆ.
ಅವನು ನಕ್ಕ. ನಾನು ನಗಲಿಲ್ಲ.
ಅಷ್ಟು ಗಾಜು ಹೇರಿದರೆ
ಬಡಕಲು ಹುಡುಗಿಯ ತಲೆ ಮೇಲೆ ಕಬ್ಬಿಣದ ಬೋಗುಣಿ;
ರೈಫಲ್ ಕೈಯಲ್ಲೇ ಮಗುಚುತ್ತದೆ.

ಕೆಳಗಿನ ಅರೆಯಲ್ಲಿತ್ತು ಹಳೆಯದೊಂದು. ಆರೇ ಪಟ್ಟು,
ಏರಿಸಲು ಇಳಿಸಲು ಏನೂ ಇಲ್ಲದ್ದು,
ಯಾರೋ ಸತ್ತವರ ಮನೆಯಿಂದ ಬಂದದ್ದು.
ಸಂಜೆ ಅಂಗಡಿಯ ಹೊರಗೆ ನಿಂತು
ಕತ್ತಲೆ ಮೊದಲು ಇಳಿಯುವಲ್ಲಿಗೆ, ಸ್ಪ್ರೂಸ್ ಮರಗಳ ಬುಡಕ್ಕೆ ಹಿಡಿದೆ.
ಬರಿಗಣ್ಣಿಗೆ ಮಸಿಯಾಗಿದ್ದ ಕಡೆ
ಒಂದು ಬುಡಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಕಂಡಿತು.
ದೂರವನ್ನು ಎಳೆದು ತರುವುದು ಬೇಡ,
ಹಗಲನ್ನು ಹತ್ತು ನಿಮಿಷ ತಡೆದರೆ ಸಾಕು.

ಕೂರಿಸುವುದು ಮನೆಯಲ್ಲೇ, ನಾನೇ.
ತಿರುಪಿನ ತೂತುಗಳಿಗೆ ಸ್ಪಿರಿಟ್, ಕಿವಿಯ ಹತ್ತಿಕಡ್ಡಿ.
ಒಣಗಿದ ಮೇಲೆ ಅಂಟು, ಒಂದು ಹನಿ.
ಉಂಗುರದ ಕೆಳ ಅರ್ಧ, ಕೊಳವೆ, ಮೇಲಿನ ಅರ್ಧ.
ಬಿಗಿದಷ್ಟೂ ಭದ್ರ ಎಂದು ನಂಬಿದ್ದವನು ಅಪ್ಪ:
ಜಾಡಿಯ ಮುಚ್ಚಳ, ಕೊಟ್ಟಿಗೆಯ ಬಾಗಿಲು, ನಾವು ಮೂವರು ಮಕ್ಕಳು.
ಕೊಳವೆಯ ಸೊಂಟ ಅದನ್ನು ತಾಳುವುದಿಲ್ಲ.
ಈ ಪುಟ್ಟ ಕೀಲಿ ಇಷ್ಟು ಸಾಕು ಎಂದು ಟಿಕ್ ಅನ್ನುತ್ತದೆ;
ಟಿಕ್ ಅಂದಲ್ಲಿ ಕೈ ನಿಲ್ಲಿಸಲು
ನನಗೆ ಇಷ್ಟು ವರ್ಷ ಬೇಕಾಯಿತು.

ಕಣ್ಣಿಗೂ ಗಾಜಿಗೂ ಒಂದು ಹಿಡಿ ಅಂತರ.
ಹಗುರ ರೈಫಲ್ಲಿಗೆ ಒದೆತ ಜಾಸ್ತಿ, ಹಗುರ ಮನುಷ್ಯರ ಹಾಗೆ.
ಅಪ್ಪನ ಬಲಹುಬ್ಬಿನ ಮೇಲೊಂದು ಅರ್ಧಚಂದ್ರವಿತ್ತು.
ಕೇಳಿದರೆ ಗಾಮ್ಸ್ ಕೊಂಬು ಎನ್ನುತ್ತಿದ್ದ.
ಸುಳ್ಳು. ತನ್ನದೇ ಗುಂಡಿನ ದಿನ, ತನ್ನದೇ ಗಾಜಿನ ಅಂಚು.
ಚಳಿಗಾಲದ ಕೋಟು ತೊಟ್ಟು, ಕಣ್ಣು ಮುಚ್ಚಿ, ಕೆನ್ನೆ ಇಟ್ಟು ತೆರೆದೆ:
ಸುತ್ತ ಕರಿಯಂಚು. ಕೊಳವೆಯನ್ನು ಬೆರಳಗಲ ಸರಿಸಿ
ಮತ್ತೆ ಮುಚ್ಚಿದೆ, ತೆರೆದೆ. ಹುಣ್ಣಿಮೆ.

ಕಿಟಕಿಗೆ ದಾರ, ದಾರದ ತುದಿಗೆ ಗಾಳದ ಸೀಸ.
ಅದು ತೂಗಾಡುವುದು ಮುಗಿಸಲಿ ಎಂದು ಕಾದು
ಒಳಗಿನ ನಿಲುವೆಳೆಯನ್ನು ಅದಕ್ಕೆ ಹೊಂದಿಸಿದೆ.

ಬೋಲ್ಟ್ ಮೇಜಿನ ಮೇಲೆ. ಗುಂಡುಗಳು ಮಹಡಿಯಲ್ಲಿ, ಬೀಗದೊಳಗೆ.
ಬರಿ ನಳಿಗೆಯಲ್ಲಿ ನೋಡಿದರೆ ಕಾಸಿನಗಲ ಬೆಳಕು,
ಅದರ ನಡುವೆ ಸೋಚಾ ಹೊಳೆಯಾಚೆಯ ಬಿಳಿಗೋಡೆಯ ಮೂಲೆ.
ಗಾಜಿನಲ್ಲೂ ಅದೇ ಮೂಲೆ ಬರಬೇಕು.
ಇಲ್ಲಿ ಕೂದಲೆಳೆ ತಪ್ಪಿದರೆ ಮುನ್ನೂರು ಮೀಟರಿಗೆ ಒಂದು ಗೇಣು;
ಗೇಣೆಂದರೆ ಎದೆಯಲ್ಲ, ಹೊಟ್ಟೆ;
ಹೊಟ್ಟೆಯೆಂದರೆ ರಾತ್ರಿಯಿಡೀ ಲಾಟೀನು, ನಾಯಿ, ನಾಚಿಕೆ.
ಗುಂಡಿ ತಿರುಗಿಸುತ್ತ ಬಂದೆ, ಎಡಕ್ಕೆ, ಇನ್ನೂ ಎಡಕ್ಕೆ.
ಮೂಲೆಯಿಂದ ಮಾರ್ಯೆಟಾ ಬಂದಳು,
ಒದ್ದೆ ಬಟ್ಟೆಯ ಬುಟ್ಟಿ, ತುಟಿಯಲ್ಲಿ ಎರಡು ಕ್ಲಿಪ್ಪು.
ಹುಲ್ಲುಗಾವಲಿನ ವಿಷಯಕ್ಕೆ ಹನ್ನೊಂದು ವರ್ಷದಿಂದ ಮಾತಿಲ್ಲ.
ಆರು ಪಟ್ಟು ಹತ್ತಿರ. ಕೂದಲು ಪೂರಾ ನೆರೆತಿದೆ.
ನನಗೆ ಗೊತ್ತಿರಲಿಲ್ಲ.

ಕಣ್ಣು ಕಿತ್ತೆ.
ಖಾಲಿ ನಳಿಗೆ, ಬೋಲ್ಟಿಲ್ಲ, ಎಲ್ಲ ನಿಜ.
ಆದರೂ ಆ ಎರಡು ಎಳೆ ಕೂಡುವಲ್ಲಿ ಮನುಷ್ಯರನ್ನು ನಿಲ್ಲಿಸಬಾರದು.
ಅಪ್ಪ ಬಿಗಿದದ್ದರಲ್ಲಿ ಅದೊಂದು ತಿರುಪು ಸಡಿಲಾಗಿಲ್ಲ.

ಮೇಜನ್ನೇ ತಿರುಗಿಸಿದೆ. ವಿದ್ಯುತ್ ಕಂಬದ ಪಿಂಗಾಣಿ ಬಟ್ಟಲು ಸಿಕ್ಕಿತು ಗುರಿಗೆ.
ಬೆಳಕಿಳಿಯುವವರೆಗೂ ಅದರ ಜೊತೆಗಿದ್ದೆ.
ಮತ್ತೆ ತಕ್ಕಡಿಗೆ: ಮೂರು ಕಿಲೋ ನಲವತ್ತು.

ಅಕ್ಟೋಬರಿನಲ್ಲಿ ಮೇಲೆ ಹೋಗುತ್ತೇನೆ. ಸಿಕ್ಕರೆ
ಅದರ ಬಾಯಿಗೆ ಹಸಿರು ಕಡ್ಡಿಯ ಕೊನೆಯ ತುತ್ತು ಇಡಬೇಕು, ಇಲ್ಲಿಯ ರೂಢಿ.
ಮಾಂಸ ಒಬ್ಬಳಿಗೆ ಹೆಚ್ಚಾಗುತ್ತದೆ.
ಹೊಳೆಗೆ ಸೇತುವೆಯಿದೆ, ಮರದ್ದು.
ಎಷ್ಟು ಭಾರ ತಡೆಯುತ್ತದೋ, ಈಚೆಗೆ ನೋಡಿಲ್ಲ.